ಅಕ್ಕನ ಮದ್ವೆ ಕ್ಯಾಸೆಟ್ಟು, ಅನಾನಸ್ ಸಾಫ್ಟ್‌ವೇರು

ಮೊದ್ಲೇ ಹೇಳ್ಬಿಡ್ತೀನಿ, ನಾನು ವಿಡಿಯೋ ಎಡಿಟರೂ ಅಲ್ಲ ಕಂಪ್ಯೂಟರ್ ಓದಿದವನೂ ಅಲ್ಲ, ಅಕೌಂಟ್ಸ್ ಬರ್ಕೊಂಡಿರೋನು. ಆದ್ರೆ ಹೋದ ತಿಂಗ್ಳು ಮೂರು ಭಾನುವಾರ ಈ ವಿಡಿಯೋ ಕನ್ವರ್ಟ್ ಮಾಡೋ ಗೋಳಲ್ಲಿ ಕಳೆದಿದೀನಿ, ಅದಕ್ಕೆ ಬರೀತಿದೀನಿ.

ವಿಷ್ಯ ಏನಂದ್ರೆ 2007ರಲ್ಲಿ ಆದ ಅಕ್ಕನ ಮದ್ವೆ ಡಿವಿಡಿ. ಅಮ್ಮ ಇವತ್ತಿಗೂ ಅದನ್ನ ಕ್ಯಾಸೆಟ್ ಅಂತಾನೇ ಕರೆಯೋದು. ಈಗಿನ ಲ್ಯಾಪ್‌ಟಾಪಲ್ಲಿ ಡಿವಿಡಿ ಹಾಕೋ ಜಾಗಾನೇ ಇಲ್ಲ, ಆಫೀಸಿನ ಸ್ನೇಹಿತನ ಹತ್ರ ಯುಎಸ್‌ಬಿ ಡ್ರೈವ್ ಇಸ್ಕೊಂಡು ಕಾಪಿ ಮಾಡಿದ್ರೆ 4.3 ಜಿಬಿ, ಅದೂ ಒಂದೊಂದು ಜಿಬಿಯ ತುಂಡು ತುಂಡು ವಿಒಬಿ ಫೈಲು, ಅಂದ್ರೆ ಡಿವಿಡಿಲಿ ವಿಡಿಯೋ ಇರೋ ಫೈಲು. ಇದನ್ನ ಒಂದೇ ಎಂಪಿ4 ಮಾಡಿ, ಸೈಜ್ ಇಳಿಸಿ, ಪುಣೆಲಿರೋ ಅಕ್ಕಂಗೆ ಕಳ್ಸೋಣ ಅಂತ ಗೂಗಲಲ್ಲಿ ಫ್ರೀ ವಿಡಿಯೋ ಕನ್ವರ್ಟರ್ ಅಂತ ಹುಡುಕ್ದೆ, ಮೇಲ್ಗಡೆ ಬಂದಿದ್ದನ್ನ ಇಳಿಸ್ಕೊಂಡೆ. ಹೆಸ್ರು ಬೇಡ ಬಿಡಿ, ಅಂಥವು ನೂರಿವೆ. ಎರಡೂವರೆ ಗಂಟೆ ಓಡ್ತು. ಟಿವಿಗೆ ಹಾಕಿ ಅಮ್ಮನ್ನ ಕರ್ದೆ.

ಧಾರೆ ಎರೆಯೋ ಹೊತ್ತು. ಅಪ್ಪ ಅಮ್ಮ ಇಬ್ರೂ ತೆಂಗಿನಕಾಯಿ ಮೇಲೆ ಹಾಲು ಬಿಡ್ತಾ ಇದಾರೆ, ಸರಿಯಾಗಿ ಅದ್ರ ಮಧ್ಯಕ್ಕೆ ದಪ್ಪ ಬಿಳಿ ಅಕ್ಷರದಲ್ಲಿ ಟ್ರಯಲ್ ವರ್ಷನ್ ಅಂತ! ಮೊದ್ಲಿಂದ ಕೊನೇ ತನಕ ಹಂಗೇ. ಅಮ್ಮ ಕೇಳಿದ್ರು, ‘ಏನೋ ಅದು, ಮದ್ವೇನೇ ಟ್ರಯಲ್ಲಾ?’ ಸಾಲದ್ದಕ್ಕೆ ಚೌಕವಾಗಿದ್ದ ಚಿತ್ರಾನ ಅಗಲಕ್ಕೆ ಎಳೆದು ಹಾಕಿತ್ತು, ಭಾವ ಮದ್ವೆ ದಿನಾನೇ ಈಗಿನಷ್ಟು ದಪ್ಪ ಕಾಣ್ತಿದ್ರು. ವಾಟರ್‌ಮಾರ್ಕ್ ತೆಗೀಬೇಕಾದ್ರೆ ದುಡ್ಡು ಕಟ್ಟಿ ಅಂತ ಕೊನೇಲಿ ಒಂದು ಕಿಟಕಿ ತೆರ್ಕೊಳ್ತು. ಮೊದ್ಲೇ ಹೇಳಿದ್ರೆ ಬೇಜಾರಿಲ್ಲ ಕಣ್ರೀ, ಕೆಲ್ಸ ಮಾಡಿದೋರು ದುಡ್ಡು ಕೇಳೋದು ತಪ್ಪಲ್ಲ. ಊಟಕ್ಕೆ ಕೂರ್ಸಿ, ಎಲೆ ಹಾಕಿ, ಪಾಯಸ ಬಡಿಸಿದ್ ಮೇಲೆ ಕೂಪನ್ ಎಲ್ಲಿ ಅಂತ ಕೇಳೋದಿದ್ಯಲ್ಲ, ಅದು ತಪ್ಪು.

ಇನ್ನೂ ಉರಿಯೋ ವಿಷ್ಯ ಆಮೇಲೆ ಗೊತ್ತಾಯ್ತು. ಹಿಂಗೆ ದುಡ್ಡು ಕೇಳೋ ಎಷ್ಟೋ ಕನ್ವರ್ಟರ್‌ಗಳ ಹೊಟ್ಟೇಲಿ ಕೆಲ್ಸ ಮಾಡೋದು ಎಫ್ಎಫ್‌ಎಂಪೆಗ್ ಅನ್ನೋ ಪುಕ್ಕಟೆ ಸಾಫ್ಟ್‌ವೇರೇ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2000ದಲ್ಲಿ ಶುರು ಮಾಡಿದ್ದು, ಕೋಡ್ ಯಾರು ಬೇಕಾದ್ರೂ ನೋಡ್ಬೋದು. ನಾವೆಲ್ಲ ಬಳಸೋ ವಿಎಲ್‌ಸಿ ಪ್ಲೇಯರ್ ಕೂಡ ಅದರ ಲೈಬ್ರರಿಗಳನ್ನ, ಅಂದ್ರೆ ಸಿದ್ಧ ಕೋಡನ್ನ, ಉಪಯೋಗಿಸತ್ತೆ. 2021ರಲ್ಲಿ ನಾಸಾದ ಪರ್ಸೆವಿಯರೆನ್ಸ್ ರೋವರ್ ಮಂಗಳದ ಮೇಲೆ ಇಳೀತಲ್ಲ, ನಮ್ ಬೆಂಗ್ಳೂರಲ್ಲಿ ಹುಟ್ಟಿದ ಸ್ವಾತಿ ಮೋಹನ್ ಕಾಮೆಂಟರಿ ಕೊಟ್ಟಿದ್ದು, ಆ ಇಳಿಯೋ ವಿಡಿಯೋ ಹಿಡಿದ ಕ್ಯಾಮೆರಾ ವ್ಯವಸ್ಥೇಲೂ ಎಫ್ಎಫ್‌ಎಂಪೆಗ್ ಇತ್ತು. ಮಂಗಳ ಗ್ರಹದಲ್ಲಿ ವಾಟರ್‌ಮಾರ್ಕ್ ಬರ್ಲಿಲ್ಲ, ನಮ್ಮನೆ ಧಾರೆ ಮೇಲೆ ಬಂತು.

ಆದ್ರೆ ಅದು ಕಪ್ಪು ಪರದೇಲಿ ಟೈಪ್ ಮಾಡೋ ಸಾಮಾನು, ನಂಗೆ ಆಗ್ಬರಲ್ಲ. ಕೊನೆಗೆ ಕೈ ಹಿಡಿದಿದ್ದು ಹ್ಯಾಂಡ್‌ಬ್ರೇಕ್ ಅನ್ನೋ ಪುಕ್ಕಟೆ ಕನ್ವರ್ಟರ್. ಅನಾನಸ್ ಹಣ್ಣು, ಪಕ್ಕ ಒಂದು ಗ್ಲಾಸು, ಇದು ಅದರ ಚಿತ್ರ, ವಿಡಿಯೋಗೂ ಅನಾನಸ್ಸಿಗೂ ಏನ್ ಸಂಬಂಧವೋ ದೇವ್ರಿಗೇ ಗೊತ್ತು. 2003ರಲ್ಲಿ ಶುರುವಾಗಿ 1.0 ವರ್ಷನ್ ಬಂದಿದ್ದು 2016ರ ಡಿಸೆಂಬರಲ್ಲಿ, 13 ವರ್ಷ ತಗೊಂಡ್ರು, ಇಷ್ಟು ಸಾವಧಾನದ ಜನ ನಮ್ಮ ಆಡಿಟರ್ ಬಿಟ್ರೆ ಇವ್ರೇ. ಒಂದೇ ಎಚ್ಚರಿಕೆ, ಅವರದ್ದೇ ಸೈಟಿಂದ ಇಳಿಸ್ಕೊಳಿ, ಹ್ಯಾಂಡ್‌ಬ್ರೇಕ್ ಡಾಟ್ ಎಫ್ಆರ್, ಕೊನೇಲಿ ಕಾಮ್ ಅಲ್ಲ. 2017ರ ಮೇ ತಿಂಗ್ಳಲ್ಲಿ ಅವರದ್ದೇ ಒಂದು ಡೌನ್‌ಲೋಡ್ ಸರ್ವರಿಗೆ ಕಳ್ಳರು ನುಗ್ಗಿ ಮ್ಯಾಕ್ ಫೈಲಲ್ಲಿ ವೈರಸ್ ಇಟ್ಟಿದ್ರು, ಅವ್ರೇ ಅದನ್ನ ಬಹಿರಂಗವಾಗಿ ಹೇಳಿ ಚೆಕ್ ಮಾಡೋದು ಹೇಗೆ ಅಂತ್ಲೂ ತಿಳಿಸಿದ್ರು. ಮುಚ್ಚಿಡ್ಲಿಲ್ವಲ್ಲ, ಅದಕ್ಕೇ ನಂಗೆ ನಂಬಿಕೆ ಜಾಸ್ತಿ ಆಗಿದ್ದು.

ಡಿವಿಡಿ ಆದ್ರೆ ಒಂದೊಂದೇ ವಿಒಬಿ ಕೊಡ್ಬೇಡಿ, ವಿಡಿಯೋ ಟಿಎಸ್ ಅನ್ನೋ ಪೂರ್ತಿ ಫೋಲ್ಡರ್ ಕೊಡಿ, ತುಂಡುಗಳನ್ನ ಅದೇ ಸೇರಿಸ್ಕೊಳತ್ತೆ. ಇನ್ನೊಂದು, ಹಳೇ ಮದ್ವೆ ವಿಡಿಯೋ ಕಂಪ್ಯೂಟರಲ್ಲಿ ನೋಡಿದ್ರೆ ಯಾರಾದ್ರೂ ಕೈ ಆಡಿಸಿದಾಗ ಬಾಚಣಿಗೆ ಹಲ್ಲಿನ ಥರ ಅಡ್ಡಡ್ಡ ಗೆರೆ ಬರತ್ತೆ, ನೋಡಿದೀರಾ? ಅಕ್ಷತೆ ಹಾಕೋ ಸೀನಲ್ಲಂತೂ ಐವತ್ತು ಕೈ, ಐವತ್ತು ಬಾಚಣಿಗೆ. ಡಿಸ್ಕ್ ಹಾಳಾಗಿದೆ ಅನ್ಕೊಂಡಿದ್ದೆ. ಅಲ್ಲ, ಆಗಿನ ಟಿವಿಗೆ ಅಂತ ಒಂದು ಸಲ ಬೆಸ ಗೆರೆ ಒಂದು ಸಲ ಸಮ ಗೆರೆ ಹಿಂಗೆ ಹಿಡೀತಿದ್ರು, ಎರಡನ್ನೂ ಒಟ್ಟಿಗೆ ತೋರ್ಸಿದಾಗ ಆ ಸಣ್ಣ ಗ್ಯಾಪಲ್ಲಿ ಕೈ ಸರಿದಿರತ್ತೆ. ಫಿಲ್ಟರ್ಸ್ ಅನ್ನೋ ಕಡೆ ಡೀಕೋಂಬ್ ಅಂತ ಇದೆ, ಅದು ಆನ್ ಇದ್ಯಾ ನೋಡ್ಕೊಳಿ, ಗೆರೆ ಹೋಗತ್ತೆ.

ಇನ್ನು ಸೈಜು. ‘ಕ್ವಾಲಿಟಿ ಒಂಚೂರೂ ಕಮ್ಮಿಯಾಗದೆ 90% ಇಳಿಸ್ತೀವಿ’ ಅನ್ನೋರನ್ನ ನಂಬ್ಬೇಡಿ. ಇದು ನಮ್ಮ ಲೈನಿನ ಲೆಕ್ಕ, ಒಂದು ಸೆಕೆಂಡಿಗೆ ಎಷ್ಟು ಖರ್ಚು, ಒಟ್ಟು ಎಷ್ಟು ಸೆಕೆಂಡು, ಅಷ್ಟೇ. ಸೆಕೆಂಡಿಗೆ 1500 ಕಿಲೋಬಿಟ್, 2 ಗಂಟೆ ಅಂದ್ರೆ 7200 ಸೆಕೆಂಡ್, ಗುಣಿಸಿ, 8 ಬಿಟ್ಟಿಗೆ ಒಂದು ಬೈಟ್ ಅಂತ 8ರಿಂದ ಭಾಗಿಸಿದ್ರೆ 13,50,000 ಕಿಲೋಬೈಟ್, ಅಂದ್ರೆ 1350 ಎಂಬಿ. ಯಾವ ಸಾಫ್ಟ್‌ವೇರ್ ಹಾಕಿದ್ರೂ ಈ ಲೆಕ್ಕ ತಪ್ಪಲ್ಲ. ಹ್ಯಾಂಡ್‌ಬ್ರೇಕಲ್ಲಿ ಆರ್‌ಎಫ್ ಅಂತ ಒಂದು ಗುಂಡಿ ಜಾರ್ಸೋದಿದೆ, ನಂಬರ್ ಕಮ್ಮಿ ಆದಷ್ಟೂ ಚಿತ್ರ ಚೆನ್ನಾಗಿ ಫೈಲ್ ದೊಡ್ಡದು. ನಾನು 20 ಇಟ್ಟೆ, 4.3 ಜಿಬಿ ಇದ್ದಿದ್ದು 1.4ಕ್ಕೆ ಬಂತು, ರೇಷ್ಮೆ ಸೀರೆ ಜರಿ ಹಂಗೇ ಇದೆ. 28 ಇಟ್ಟು ನೋಡ್ದೆ, ಸಣ್ಣದಾಯ್ತು, ಆದ್ರೆ ಮಂಟಪದ ಹೂವೆಲ್ಲ ಕಲಸಿದ ಅನ್ನದ ಥರ ಆಯ್ತು. ಪೂರ್ತಿ ಓಡ್ಸೋ ಮೊದ್ಲು ಎರಡು ನಿಮಿಷದ ತುಂಡು ಮಾಡಿ ನೋಡಿ ಪ್ಲೀಸ್, ನನ್ನ ಒಂದು ಭಾನುವಾರ ಅಲ್ಲೇ ಹೋಗಿದ್ದು.

ವಿಡಿಯೋನ ಒತ್ತಿ ಸಣ್ಣ ಮಾಡೋ ವಿಧಾನಗಳಲ್ಲಿ ಎಚ್.265, ಎವಿ1 ಅಂತೆಲ್ಲ ಹೊಸಾವು ಇವೆ, ಇನ್ನೂ ಸಣ್ಣ ಮಾಡತ್ವೆ ನಿಜ, ನಮ್ಮನೆ ಹಳೇ ಟಿವಿ ಅದನ್ನ ಓಡ್ಸಲ್ಲ, ಲ್ಯಾಪ್‌ಟಾಪ್ ಫ್ಯಾನು ರಾತ್ರಿಯೆಲ್ಲ ರೈಸ್ ಮಿಲ್ ಥರ ಕೂಗತ್ತೆ. ಮನೆಮಂದಿಗೆ ಹಂಚೋಕೆ ಹಳೇ ವಿಧಾನ ಎಚ್.264 ಸಾಕು.

ಚಿಕ್ಕಮ್ಮನ ಮಗ ಮಾಡಿದ್ದು ಬೇರೇನೇ ಎಡವಟ್ಟು. ಅವನ ಹತ್ರ ಎಂಕೆವಿ ಫೈಲಿತ್ತು, ಎಂಪಿ4 ಬೇಕಿತ್ತು, ಅಷ್ಟೇ, ಸೈಜ್ ಇಳಿಸೋದೇನೂ ಬೇಕಿರ್ಲಿಲ್ಲ. ನಾನು ಹೊಗಳಿದ್ದು ಕೇಳಿ ಹ್ಯಾಂಡ್‌ಬ್ರೇಕಿಗೆ ಹಾಕಿ ನಾಲ್ಕು ಗಂಟೆ ಕೂತಿದಾನೆ. ಉಪ್ಪಿನಕಾಯಿ ಜಾಡಿಯಿಂದ ಡಬ್ಬಿಗೆ ಹಾಕೋಕೆ ಮತ್ತೆ ಮಾವಿನಕಾಯಿ ಹೆಚ್ಚಬೇಕಾ? ಎಂಕೆವಿ, ಎಂಪಿ4 ಎಲ್ಲ ಬರೀ ಡಬ್ಬಿ. ಒಳಗಿರೋದು ಸಾಮಾನ್ಯವಾಗಿ ಅದೇ ಎಚ್.264 ಆಗಿರತ್ತೆ. ಅಂಥದ್ದಕ್ಕೆ ಲಾಸ್‌ಲೆಸ್‌ಕಟ್ ಅಂತ ಇನ್ನೊಂದು ಪುಕ್ಕಟೆ ಸಾಫ್ಟ್‌ವೇರ್ ಇದೆ, ಕಾಫಿ ಆರೋದ್ರೊಳಗೆ ಡಬ್ಬಿ ಬದಲಾಯಿಸಿ ಕೊಡತ್ತೆ, ಚಿತ್ರದ ಒಂದು ಚುಕ್ಕೇನೂ ಮುಟ್ಟಲ್ಲ.

ವಾಟ್ಸಾಪಲ್ಲಿ ಬಂದ ವಿಡಿಯೋನ ಮತ್ತೆ ಸಣ್ಣ ಮಾಡೋಕೆ ಹೋಗ್ಬೇಡಿ, ಅದು ಗಾಣಕ್ಕೆ ಹೋಗಿ ಬಂದ ಕಬ್ಬಿನ ಸಿಪ್ಪೆ. ಆನ್‌ಲೈನ್ ಕನ್ವರ್ಟರ್ ಸೈಟುಗಳ ಬಗ್ಗೆ ಕೇಳ್ತೀರೇನೋ. ಮಗು ಸ್ನಾನದ ವಿಡಿಯೋ, ಮನೆ ಗೃಹಪ್ರವೇಶದ ವಿಡಿಯೋ ಎಲ್ಲ ಯಾರದೋ ಸರ್ವರಿಗೆ ಹಾಕೋದು ನಂಗಂತೂ ಸರಿ ಅನ್ಸಲ್ಲ, ಅದೂ ಅಲ್ದೆ ನಮ್ಮೂರ ನೆಟ್ಟಲ್ಲಿ 4 ಜಿಬಿ ಅಪ್‌ಲೋಡ್ ಆಗೋದ್ರಲ್ಲಿ ಬಸ್ಸಲ್ಲಿ ಪುಣೆಗೇ ಹೋಗಿ ಕೊಟ್ ಬರ್ಬೋದು.

ಮೂಲ ಫೈಲುಗಳನ್ನ ಡಿಲೀಟ್ ಮಾಡಿಲ್ಲ, ಹಾರ್ಡ್‌ಡಿಸ್ಕಲ್ಲಿ ಇಟ್ಟಿದೀನಿ, ನೀವೂ ಮಾಡ್ಬೇಡಿ. ಈಗ ಭಾವನ ಮನೇಲಿ ರಿಸೆಪ್ಷನ್ ಡಿವಿಡಿ ಸಿಕ್ಕಿದೆಯಂತೆ, ಅದರ ಮೇಲೆ ಯಾರೋ ಪುಣ್ಯಾತ್ಮರು ಕಾಫಿ ಲೋಟ ಇಟ್ಟಿದಾರೆ, ಅರ್ಧದಲ್ಲಿ ನಿಂತ್ ಹೋಗತ್ತೆ. ಹಾಸನದ ಕಡೆ ಯಾರ ಹತ್ರ ಆದ್ರೂ ಹಳೇ ಗಟ್ಟಿಮುಟ್ಟು ಡಿವಿಡಿ ಡ್ರೈವ್ ಇದ್ರೆ ಇನ್‌ಬಾಕ್ಸಿಗೆ ಬನ್ನಿ, ಒಂದು ಭಾನುವಾರದ ಮಟ್ಟಿಗೆ ಸಾಕು.