ಸತ್ಯಾಂಶ: ಬೀಡಿ ಬಿಟ್ಟ ಮೇಲೆ ಬರುವ ಕೆಮ್ಮು

ಬೀಡಿ-ಸಿಗರೇಟು ಒಮ್ಮೆಲೇ ಬಿಟ್ಟರೆ ಎದೆಗೆ ಅಪಾಯ, ಕೆಮ್ಮು ಹೆಚ್ಚುವುದೇ ಸಾಕ್ಷಿ ಎಂಬ ಸಂದೇಶ ಕಾರವಾರ, ಶಿರಸಿ ಕಡೆಯ ಗ್ರೂಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಇದು ತಪ್ಪು.

ಹೊಗೆಯಿಂದ ಮಂಕಾಗಿದ್ದ ಶ್ವಾಸನಾಳದ ಸಣ್ಣ ರೋಮಗಳು ಮತ್ತೆ ಕೆಲಸ ಶುರುಮಾಡಿ ಕಫವನ್ನು ಮೇಲಕ್ಕೆ ತಳ್ಳುತ್ತವೆ. ಕೆಲವರಿಗೆ ಕೆಮ್ಮು ಬರುವುದು ಅದಕ್ಕೇ. ಅಡಿಕೆ ತೋಟದ ಬಸಿಗಾಲುವೆ ಬಿಡಿಸಿದಾಗ ಮೊದಲು ರಾಡಿ ನೀರೇ ಬರುತ್ತದೆ, ಅಲ್ವಾ? ಬಿಟ್ಟ ಮೇಲಿನ ಸಿಡಿಮಿಡಿ, ನಿದ್ದೆಗೇಡು ಮೊದಲ 2-3 ದಿನ ಜಾಸ್ತಿ. ಹೆಚ್ಚಿನವರಿಗೆ 2ರಿಂದ 4 ವಾರದಲ್ಲಿ ಇಳಿಯುತ್ತದೆ. ಎದೆಬಡಿತವಂತೂ 20 ನಿಮಿಷದಲ್ಲೇ ತಗ್ಗತೊಡಗುತ್ತದೆ.

ಕಳಿಸಿದವರು ಕಾಳಜಿಯಿಂದಲೇ ಕಳಿಸಿರಬಹುದು. ಆದರೂ ನೋಡಿ: ಬರೆದವರು ಯಾರು, ಯಾವಾಗ? ಪ್ಯಾಕಿನ ಮೇಲಿರುವ, ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಿ ಕೇಳಬಹುದು. ಕಫದಲ್ಲಿ ರಕ್ತ ಕಂಡರೆ, ಎದೆನೋವು ಬಂದರೆ ಮಾತ್ರ ಸುಮ್ನೆ ಕಾಯಬೇಡಿ, ಡಾಕ್ಟರ ಬಳಿ ಹೋಗಿ.