ಮಿರ್ಚಿ ತಣ್ಣಗಾದ ಕುಸ್ತಿಗಳು

ಅಮೆರಿಕದಲ್ಲಿ ಡೇವ್ ಮೆಲ್ಟ್ಜರ್ ಎಂಬ ಪತ್ರಕರ್ತರೊಬ್ಬರಿದ್ದಾರೆ. ಟೀವಿಯಲ್ಲಿ ಬರುವ ಬಣ್ಣದ ಕುಸ್ತಿಗಳಿಗೆ ನಕ್ಷತ್ರ ಕೊಡುವುದಕ್ಕೆ ಹೆಸರಾದವರು. ಐದು ನಕ್ಷತ್ರ ಬಿತ್ತೆಂದರೆ ಆ ಕುಸ್ತಿ ಮೊಮ್ಮಕ್ಕಳಿಗೂ ತೋರಿಸುವಂಥದ್ದು. ನಾಲ್ಕೂ ಮುಕ್ಕಾಲು ಕೊಟ್ಟರೆ ಅಭಿಮಾನಿಗಳ ಜಗಳ ಶುರು.

ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ನಕ್ಷತ್ರ ನಡೆಯುವುದಿಲ್ಲ. ಮಿರ್ಚಿ ನಡೆಯುತ್ತದೆ. ರವಿವಾರ ಸಂಜೆ ತಮ್ಮ ಬರುತ್ತಾನೆ. ಪೇಪರಿನಲ್ಲಿ ಕಟ್ಟಿದ ಎಂಟು ಬಿಸಿ ಮಿರ್ಚಿ, ಜೊತೆಗೆ ಒಂದಿಷ್ಟು ಚುರುಮುರಿ. ಮೊಬೈಲನ್ನು ಟೀವಿಗೆ ಜೋಡಿಸಿ ಒಂದು ಹಳೇ ಕುಸ್ತಿ ಹಚ್ಚುತ್ತೇವೆ. ಅದು ಮುಗಿದಾಗ ತಾಟಿನಲ್ಲಿ ಎಷ್ಟು ಮಿರ್ಚಿ ತಣ್ಣಗಾಗಿ ಉಳಿದಿವೆಯೋ ಅಷ್ಟು ಅಂಕ. ಮೊದಲ ಐದು ನಿಮಿಷದಲ್ಲೇ ಎಂಟೂ ಖಾಲಿಯಾದರೆ ಆ ಕುಸ್ತಿ ದಂಡ. ಬಿಸಿ ಮಿರ್ಚಿ ಮುಂದಿದ್ದೂ ಕೈ ಹೋಗಲಿಲ್ಲ ಅಂದರೆ, ಅದಕ್ಕಿಂತ ದೊಡ್ಡ ಪ್ರಶಸ್ತಿ ನಮ್ಮೂರಲ್ಲಿ ಯಾರೂ ಕೊಡಲಾರರು.

ನೋಡುವುದು ಟ್ಯಾಗ್ ಟೀಮ್ ಕುಸ್ತಿ ಮಾತ್ರ. ಈ ಕಡೆ ಇಬ್ಬರು, ಆ ಕಡೆ ಇಬ್ಬರು. ಒಂಟಿ ಕುಸ್ತಿ ನಮಗೆ ಬೇಡ. ಯಾಕೆ ಅಂತ ಹೇಳಬೇಕಾದರೆ ಅಜ್ಜನಿಂದ ಶುರು ಮಾಡಬೇಕು.

ಅಜ್ಜ ಹರೆಯದಲ್ಲಿ ಪೈಲ್ವಾನ. ಹಳೇ ಬಾಗಲಕೋಟೆಯ ನಮ್ಮ ಓಣಿಯ ಗರಡಿ ಮನೆಯಲ್ಲಿ ಬೆಳೆದವನು. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡುತ್ತಿದ್ದರಂತೆ. ನಮ್ಮ ಕಡೆ ಜಾತ್ರೆ ಅಂದರೆ ಜಂಗಿ ನಿಕಾಲಿ ಕುಸ್ತಿ ಬೇಕೇ ಬೇಕು. ಹಲಗಿ ಬಡಿಯುತ್ತಿರುತ್ತದೆ. ಕೊಲ್ಲಾಪುರದ ಕಡೆಯಿಂದ ಪೈಲ್ವಾನರು ಬಂದಿರುತ್ತಾರೆ. ಸಣ್ಣ ಹುಡುಗರು ತೆಂಗಿನಕಾಯಿಗಾಗಿ ಹಿಡಿಯುವ ಕುಸ್ತಿಯಿಂದ ಶುರುವಾಗಿ, ಬೆಳ್ಳಿ ಗದೆಯ ಕುಸ್ತಿ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಅಲ್ಲಿ ಜೋಡಿ ಅನ್ನುವ ಮಾತಿಗೆ ಅರ್ಥವೇ ಬೇರೆ. ಇವನಿಗೆ ಅವನು ಜೋಡಿ ಅಂದರೆ, ಇವನು ಅವನ ಬೆನ್ನನ್ನು ಮಣ್ಣಿಗೆ ಹಚ್ಚಬೇಕು. ಎದುರಿಗೆ ನಿಂತವನೇ ಜೋಡಿ. ಪಕ್ಕದಲ್ಲಿ ನಿಂತು ಕೈ ಚಾಚುವವರು ಯಾರೂ ಇಲ್ಲ. ವಸ್ತಾದ ಕಣದ ಅಂಚಿನಿಂದ ಕೂಗಬಹುದು, ಅಷ್ಟೇ.

ಹೀಗಿದ್ದ ಅಜ್ಜ, 90ರ ದಶಕದಲ್ಲಿ ಮನೆಗೆ ಕೇಬಲ್ ಬಂದ ಮೇಲೆ, ಮೊದಲ ಸಲ ಟ್ಯಾಗ್ ಟೀಮ್ ನೋಡಿದ. "ನಾಕು ಮಂದಿ ಯಾಕ ಬಂದಾರೋ? ಇಬ್ಬರು ಹಿಡಿಯಾಕ, ಇಬ್ಬರು ಬಿಡಿಸಾಕ ಏನು?" ಎಂದು ಕೇಳಿದ.

ನಾನು ತಿಳಿಸಿ ಹೇಳಿದೆ. ಒಂದೊಂದು ಕಡೆಯಿಂದ ಒಬ್ಬೊಬ್ಬನೇ ಒಳಗೆ. ಇನ್ನೊಬ್ಬ ಹೊರಗೆ, ತನ್ನ ಮೂಲೆಯಲ್ಲಿ, ಕಂಬಕ್ಕೆ ಕಟ್ಟಿದ ಒಂದು ತುಂಡು ಹಗ್ಗ ಹಿಡಿದು ನಿಂತಿರಬೇಕು. ಒಳಗಿನವನು ಬಂದು ಕೈ ಮುಟ್ಟಿದರೆ ಇವನು ಒಳಗೆ, ಅವನು ಹೊರಗೆ. ಮುಟ್ಟಿದ್ದನ್ನು ರೆಫ್ರಿ ಕಣ್ಣಾರೆ ನೋಡಿರಬೇಕು.

"ಪಾಳಿ ಅನ್ನು ಮತ್ತ," ಎಂದ ಅಜ್ಜ.

ಅವತ್ತಿನಿಂದ ನಮ್ಮ ಮನೆಯಲ್ಲಿ ಟ್ಯಾಗ್‌ಗೆ ಪಾಳಿ ಅಂತಲೇ ಹೆಸರು. ಪಾಳಿಯ ವಿಷಯ ಅಜ್ಜನಿಗೆ ಚೆನ್ನಾಗಿ ಗೊತ್ತಿತ್ತು. ಅಜ್ಜನಿಗೂ ಅವನ ತಮ್ಮನಿಗೂ, ಅಂದರೆ ನಮ್ಮ ಸಣ್ಣಜ್ಜನಿಗೂ, ಹೊಲ ಪಾಲಾಗಿತ್ತು. ಬಾವಿ ಪಾಲಾಗಿರಲಿಲ್ಲ. ಎಂಟು ದಿನ ಇವರ ಪಾಳಿ, ಎಂಟು ದಿನ ಅವರ ಪಾಳಿ. ಒಂದು ಬೇಸಿಗೆಯಲ್ಲಿ ಯಾರೋ ಯಾರದೋ ಪಾಳಿಯಲ್ಲಿ ಪಂಪು ಚಾಲೂ ಮಾಡಿದರು. ಅಲ್ಲಿಗೆ ಮಾತು ಬಂದ್.

ಮಿರ್ಚಿ ತರುವ ಈ ತಮ್ಮ ಸಣ್ಣಜ್ಜನ ಮೊಮ್ಮಗ. ಅವರ ಮನೆಯಲ್ಲಿ ಕೇಬಲ್ ಇರಲಿಲ್ಲ. ಮಾತು ಬಿಟ್ಟವರ ಮನೆಯೊಳಗೆ ಬರುವ ಹಾಗೂ ಇರಲಿಲ್ಲ. ಆದರೆ ಕಿಟಕಿಗೆ ಯಾರ ಹಂಗು? ಕುಸ್ತಿ ಬರುವ ಹೊತ್ತಿಗೆ ಸರಿಯಾಗಿ ಬಂದು, ಸರಳು ಹಿಡಿದು, ಹೊರಗೇ ನಿಂತು ನೋಡುತ್ತಿದ್ದ. ಅಜ್ಜ ಕಂಡೂ ಕಾಣದ ಹಾಗೆ ಇರುತ್ತಿದ್ದ.

ಇದೆಲ್ಲ ಸುಳ್ಳು ಕುಸ್ತಿ ಅಲ್ವಾ ಅಂತ ಈಗಲೂ ಜನ ಕೇಳುತ್ತಾರೆ, ದೊಡ್ಡ ಗುಟ್ಟು ಹಿಡಿದವರಂತೆ. ಗುಟ್ಟೇನೂ ಇಲ್ಲ. ಇದು ಸ್ಪರ್ಧೆ ಅಲ್ಲ, ಮನರಂಜನೆ ಅಂತ 1989ರಲ್ಲಿ ಈ ಕುಸ್ತಿ ಆಡಿಸುವ ಡಬ್ಲ್ಯುಡಬ್ಲ್ಯುಎಫ್ ಕಂಪನಿಯವರೇ ನ್ಯೂ ಜೆರ್ಸಿ ರಾಜ್ಯದ ಸೆನೆಟ್ ಮುಂದೆ ಹೇಳಿಕೊಂಡಿದ್ದರು. ಕ್ರೀಡಾ ಆಯೋಗದ ಕಟ್ಟಳೆ, ತೆರಿಗೆ ತಪ್ಪಿದರೆ ಸಾಕಾಗಿತ್ತು ಅವರಿಗೆ. ಅಜ್ಜನಿಗೆ ಸೆನೆಟ್ ಬೇಕಾಗಲಿಲ್ಲ. ಎರಡನೇ ವಾರಕ್ಕೇ, "ಇದು ಕುಸ್ತಿ ಅಲ್ಲೋ, ದೊಡ್ಡಾಟ" ಎಂದ. ಬೈದ ಅಂತ ತಿಳಿದೆ. ಅಲ್ಲ. ಮುಂದಿನ ವಾರದಿಂದ ನನಗಿಂತ ಮೊದಲು ಬಂದು ಟೀವಿ ಮುಂದೆ ಕೂರತೊಡಗಿದ. ದೊಡ್ಡಾಟದಲ್ಲಿ ಕೀಚಕ ಸಾಯುತ್ತಾನೆ ಅಂತ ಗೊತ್ತಿಲ್ಲದವರು ಯಾರು? ಆದರೂ ಬೆಳಗಿನ ತನಕ ಕಂಬಳಿ ಹೊದ್ದು ಕೂತಿರುವುದಿಲ್ಲವಾ?

ಲೀಜನ್ ಆಫ್ ಡೂಮ್ ಜೋಡಿ ಬಂದರಂತೂ ಅಜ್ಜನಿಗೆ ಹಬ್ಬ. ಹಾಕ್, ಅನಿಮಲ್ ಅಂತ ಇಬ್ಬರು. ಮುಖದ ತುಂಬ ಬಣ್ಣ, ಹೆಗಲ ಮೇಲೆ ಚೂಪು ಮೊಳೆಗಳ ಭುಜಕೀರ್ತಿ. ಅನಿಮಲ್ ಎದುರಾಳಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುತ್ತಾನೆ, ಮಗನಿಗೆ ತೇರು ತೋರಿಸುವ ಅಪ್ಪನಂತೆ. ಹಾಕ್ ಮೇಲಿನ ಹಗ್ಗದಿಂದ ಹಾರಿ ಬಂದು ತೋಳು ಬೀಸುತ್ತಾನೆ. ಮುಗಿಯಿತು. ನಾನೂ ತಮ್ಮನೂ ಇದನ್ನು ಹೊಟ್ಟಿನ ಬಣವಿ ಹತ್ತಿರ ಮಾಡಿ ನೋಡಿದೆವು. ನನ್ನ ಮುಂದಿನ ಹಲ್ಲು ಅರ್ಧ ಹೋದದ್ದು ಹಾಗೆ.

ಮಿರ್ಚಿ ಲೆಕ್ಕದಲ್ಲಿ ಮಾತ್ರ ಇವರಿಗೆ ಎರಡೇ ಅಂಕ. ಇವರನ್ನು ಹೊಡೆಯುವವರೇ ಕಡಿಮೆ. ಒಬ್ಬನೇ ಎಲ್ಲ ಮುಗಿಸಿಬಿಟ್ಟರೆ ಮೂಲೆಯಲ್ಲಿ ನಿಂತವನಿಗೆ ಏನು ಕೆಲಸ? ಟ್ಯಾಗ್ ಟೀಮಿನ ರುಚಿ ಇರುವುದೇ ಆ ಮೂಲೆಯಲ್ಲಿ.

ಇದು ನನಗೆ ಪೂರ್ತಿ ತಿಳಿದದ್ದು ರಾಕ್ ಅಂಡ್ ರೋಲ್ ಎಕ್ಸ್‌ಪ್ರೆಸ್ ಜೋಡಿಯನ್ನು ನೋಡಿದ ಮೇಲೆ. ರಿಕಿ ಮಾರ್ಟನ್, ರಾಬರ್ಟ್ ಗಿಬ್ಸನ್. 80ರ ದಶಕದ ಮಂದಿ. ನಮಗೆ ಸಿಕ್ಕಿದ್ದು ಬಹಳ ತಡವಾಗಿ, ಮೊಬೈಲಿನಲ್ಲಿ. ಇವರಿಗೆ ಸರಿಯಾದ ವೈರಿ ಮಿಡ್‌ನೈಟ್ ಎಕ್ಸ್‌ಪ್ರೆಸ್ ಜೋಡಿ. ಆ ಜೋಡಿಯ ಮ್ಯಾನೇಜರ್ ಜಿಮ್ ಕಾರ್ನೆಟ್, ಕೈಯಲ್ಲಿ ಸದಾ ಒಂದು ಟೆನಿಸ್ ರಾಕೆಟ್. ಟೆನಿಸ್ ಆಡಲು ಅಲ್ಲ ಅಂತ ಬೇರೆ ಹೇಳಬೇಕಿಲ್ಲ.

ಮಾರ್ಟನ್ ಸಣ್ಣ ಆಳು. ಅವನನ್ನು ತಮ್ಮ ಮೂಲೆಗೆ ಎಳೆದುಕೊಂಡು ಇಬ್ಬರೂ ಪಾಳಿ ಪ್ರಕಾರ ಬಡಿಯುತ್ತಾರೆ. ಅವನು ತೆವಳುತ್ತಾನೆ. ಗಿಬ್ಸನ್ ಹಗ್ಗ ಹಿಡಿದು ಮೈಯನ್ನೆಲ್ಲ ಮುಂದೆ ಬಗ್ಗಿಸಿ ಕೈ ಚಾಚಿದ್ದಾನೆ. ಇನ್ನು ಒಂದು ಗೇಣು. ಅಷ್ಟರಲ್ಲಿ ಯಾರೋ ಕಾಲು ಹಿಡಿದು ಎಳೆಯುತ್ತಾರೆ. ಮತ್ತೆ ತೆವಳುತ್ತಾನೆ. ಈ ಸಲ ಕೈ ಮುಟ್ಟಿಯೇ ಬಿಡುತ್ತದೆ! ಆದರೆ ಆ ಕ್ಷಣಕ್ಕೆ ಸರಿಯಾಗಿ ರೆಫ್ರಿಗೆ ಬೆನ್ನು. ಕೊಟ್ಟ ಅರ್ಜಿ ಸಾಹೇಬರ ಟೇಬಲ್ ಮೇಲಿದ್ದೂ ಬಂದಿಲ್ಲ ಅಂದ ಹಾಗೆ. ಒಳಗೆ ನುಗ್ಗಿದ ಗಿಬ್ಸನ್‌ನನ್ನು ರೆಫ್ರಿ ಹೊರಗೆ ತಳ್ಳುತ್ತಿರುತ್ತಾನೆ, ಅವನ ಬೆನ್ನ ಹಿಂದೆ ಇಬ್ಬರೂ ಸೇರಿ ಮಾರ್ಟನ್‌ನನ್ನು ನಾದುತ್ತಿರುತ್ತಾರೆ. ಹೀಗೆ ಏಟು ತಿನ್ನುವುದಕ್ಕೆ ಆ ಕಸುಬಿನವರು ರಿಕಿ ಮಾರ್ಟನ್ ಆಡುವುದು ಅಂತಲೇ ಹೆಸರಿಟ್ಟಿದ್ದಾರೆ.

ಎಲ್ಲರೂ ಮಾರ್ಟನ್‌ನನ್ನು ನೋಡುತ್ತಾರೆ. ನೀವು ಒಂದು ಸಲ ಗಿಬ್ಸನ್‌ನ ಇನ್ನೊಂದು ಕೈ ನೋಡಿ. ಹಗ್ಗ ಹಿಡಿದ ಕೈ. ಅದನ್ನು ಬಿಟ್ಟರೆ ಜೊತೆಗಾರ ಸಿಗುತ್ತಾನೆ, ನಿಯಮ ತಪ್ಪುತ್ತದೆ. ಬಿಡದಿದ್ದರೆ ಒಂದು ಗೇಣು ದೂರ. ಏಟು ತಿನ್ನುವುದು ಕಷ್ಟ, ಒಪ್ಪಿದೆ. ಹಗ್ಗ ಹಿಡಿದು ನಿಂತು ನೋಡುವುದು ಅದಕ್ಕಿಂತ ಕಷ್ಟ. ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತವರನ್ನು ಕೇಳಿದರೆ ಗೊತ್ತಾಗುತ್ತದೆ. 1990ರಲ್ಲಿ ಗ್ರೀನ್ಸ್‌ಬರೋದಲ್ಲಿ ಈ ಎರಡು ಜೋಡಿಗಳು ಆಡಿದ ಕುಸ್ತಿಗೆ ನಮ್ಮ ತಾಟಿನಲ್ಲಿ ಏಳು ಮಿರ್ಚಿ ಉಳಿದವು. ಎಂಟನೆಯದನ್ನು ತಿಂದದ್ದು ತಮ್ಮ. ಅವನು ಇಲ್ಲ ಅನ್ನುತ್ತಾನೆ.

ಅಜ್ಜನ ಮೆಚ್ಚಿನ ಜೋಡಿ ಹಾರ್ಟ್ ಫೌಂಡೇಶನ್. ಬ್ರೆಟ್ ಹಾರ್ಟ್, ಮತ್ತು ಅವನ ಅಕ್ಕನ ಗಂಡ ಜಿಮ್ ನೈಡ್‌ಹಾರ್ಟ್. ಬ್ರೆಟ್ ಹಿಡಿತ ಹಾಕುವುದನ್ನು ನೋಡಿ, "ಇಂವ ಯಾರೋ ವಸ್ತಾದನ ಕೈಯಾಗ ಕಲತಾನ" ಎಂದಿದ್ದ. ಅಜ್ಜನ ಕಣ್ಣು ತಪ್ಪಲಿಲ್ಲ. ಬ್ರೆಟ್ಟನ ಅಪ್ಪ ಸ್ಟೂ ಹಾರ್ಟ್ ಕೆನಡಾದ ಕ್ಯಾಲ್ಗರಿಯಲ್ಲಿ ಮನೆಯ ನೆಲಮಾಳಿಗೆಯಲ್ಲೇ ತಾಲೀಮು ಕೊಡುತ್ತಿದ್ದ. ಹನ್ನೆರಡು ಮಕ್ಕಳ ತಂದೆ. ಗಂಡು ಮಕ್ಕಳೆಲ್ಲ ಕಣಕ್ಕೆ ಇಳಿದವರೇ.

1990ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಇವರಿಗೂ ಡೆಮಾಲಿಷನ್ ತಂಡಕ್ಕೂ ಮೂರರಲ್ಲಿ ಎರಡು ಗೆಲ್ಲುವ ಕುಸ್ತಿ. ಡೆಮಾಲಿಷನ್‌ನಲ್ಲಿ ಮೂವರು, ಮೂವರ ಮುಖಕ್ಕೂ ಬಣ್ಣ. ಆಡಬೇಕಾದವರು ಇಬ್ಬರು, ಮೂರನೆಯವನು ಕದ್ದು ಬಂದು ಅದಲು ಬದಲಾಗುತ್ತಾನೆ. ಬಣ್ಣ ಹಚ್ಚಿದ ಮೇಲೆ ಯಾರು ಯಾರೋ! ಕೊನೆಗೆ ಲೀಜನ್ ಆಫ್ ಡೂಮ್ ಬಂದು ಆಟ ಬಯಲು ಮಾಡುತ್ತಾರೆ, ಹಾರ್ಟ್ ಜೋಡಿ ಗೆಲ್ಲುತ್ತದೆ. ಐದು ಮಿರ್ಚಿ. ಬುಷ್‌ವ್ಯಾಕರ್ಸ್ ಅಂತ ನ್ಯೂಜಿಲೆಂಡಿನ ಇನ್ನೊಂದು ಜೋಡಿ ಇತ್ತು, ಕೈ ಬೀಸಿಕೊಂಡು ನಡೆಯುವುದೇ ಅವರ ಡಾವು. ಅವರಿಗೆ ಚುರುಮುರಿ ಸಾಕು.

ಇನ್ನು ಆ ಒಂದು ಕುಸ್ತಿ. 1994ರ ಜನವರಿ, ರಾಯಲ್ ರಂಬಲ್ ಅನ್ನುವ ಆ ಕಂಪನಿಯ ವರ್ಷದ ದೊಡ್ಡ ಕುಸ್ತಿ ಮೇಳ. ಬ್ರೆಟ್ ಈ ಸಲ ತನ್ನ ತಮ್ಮ ಓವೆನ್ ಜೊತೆ ಬಂದಿದ್ದ. ಹನ್ನೆರಡು ಮಕ್ಕಳಲ್ಲಿ ಎಲ್ಲರಿಗಿಂತ ಚಿಕ್ಕವನು ಓವೆನ್. ಎದುರಿಗೆ ಕ್ವಿಬೆಕರ್ಸ್ ಜೋಡಿ. ನಡುವೆ ಬ್ರೆಟ್ಟನ ಮೊಣಕಾಲಿಗೆ ಪೆಟ್ಟು ಬಿತ್ತು. ಕುಂಟುತ್ತಿದ್ದಾನೆ. ಮೂಲೆಯಲ್ಲಿ ಓವೆನ್ ಕೈ ಚಾಚಿ ಕೂಗುತ್ತಿದ್ದಾನೆ. ನಾಲ್ಕು ಹೆಜ್ಜೆ ಹೋಗಿ ಮುಟ್ಟಿದರೆ ಆಯಿತು. ಬ್ರೆಟ್ ಹೋಗಲಿಲ್ಲ. ತಾನೇ ಮುಗಿಸುತ್ತೇನೆ ಅಂತ ಎದುರಾಳಿಯ ಕಾಲಿಗೆ ಪಟ್ಟು ಹಾಕಲು ಹೋಗಿ ಕುಸಿದುಬಿದ್ದ. ರೆಫ್ರಿ ಕುಸ್ತಿ ನಿಲ್ಲಿಸಿದ. ಆಮೇಲೆ ಓವೆನ್ ಅಣ್ಣನನ್ನು ಎಬ್ಬಿಸಿ, ಬೈದು, ಅದೇ ನೊಂದ ಕಾಲಿಗೆ ಒದ್ದ.

ನಾನು ಓವೆನ್‌ಗೆ ಬೈಯಲು ಬಾಯಿ ತೆರೆದಿದ್ದೆ. ಅಜ್ಜ ಟೀವಿಯನ್ನೇ ನೋಡುತ್ತ, "ಪಾಳಿ ಕೊಡಲಿಲ್ಲ ನೋಡು ಅಂವ," ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕಿಟಕಿ ಕಡೆ ತಿರುಗದೆ ಹೇಳಿದ: "ಆ ಹುಡುಗನ್ನ ಒಳಗ ಕರಿಯೋ. ಸರಳ ಹಿಡಕೊಂಡು ಎಷ್ಟೊತ್ತು ನಿಂದರತಾನ."

ತಮ್ಮ ಒಳಗೆ ಬಂದ. ಅಷ್ಟೇ ಆದದ್ದು. ಬಾವಿಯ ಜಗಳ ಬಗೆಹರಿಯಲಿಲ್ಲ, ಸಣ್ಣಜ್ಜ ನಮ್ಮ ಮನೆಗೆ ಬರಲಿಲ್ಲ. ಆ ಜಗಳ ತೀರಿಸಿದ್ದು ಆಲಮಟ್ಟಿ. ಹಿನ್ನೀರು ಬಂತು, ಮುಳುಗಡೆ ಆಯಿತು. ಓಣಿ, ಗರಡಿ ಮನೆ, ಹೊಲ ಎಲ್ಲ ಹೋದವು. ನಾವು ನವನಗರದ ಒಂದು ಸೆಕ್ಟರಿಗೆ ಬಂದೆವು, ಅವರು ಇನ್ನೊಂದಕ್ಕೆ. ಒಂದು ದಿನ ಅಜ್ಜ ನೀರಿನ ಕಡೆ ಕೈ ತೋರಿಸಿ, "ಈಗ ಬಾವ್ಯಾಗ ಭರಪೂರ ನೀರು ಐತಿ ನೋಡಪಾ. ಪಾಳಿ ಯಾರದರ ಇರಲಿ," ಎಂದು ನಕ್ಕ.

ಈ ಕುಸ್ತಿಯನ್ನು ಈಗ ನೋಡುವುದು ಸುಲಭವಲ್ಲ. ಓವೆನ್ 1999ರ ಮೇ 23ರಂದು ಕನ್ಸಾಸ್ ಸಿಟಿಯಲ್ಲಿ, ಮೇಲಿನಿಂದ ಕಣಕ್ಕೆ ಇಳಿಯುವಾಗ ಬಿದ್ದು ಸತ್ತ. 34 ವರ್ಷ. ಅದು ಆಟವಾಗಿರಲಿಲ್ಲ. ಅಂಕ ಎಂಟಕ್ಕೆ ಎಂಟು. ಅವತ್ತು ಮಿರ್ಚಿ ಆಮೇಲೂ ತಿನ್ನಲಿಲ್ಲ.

ತಮ್ಮನ ಮೆಚ್ಚಿನದು ಬೇರೆ. 2001ರ ಏಪ್ರಿಲ್ 1, ಹ್ಯೂಸ್ಟನ್‌ನ ಆಸ್ಟ್ರೋಡೋಮ್. ಹಾರ್ಡಿ ಸಹೋದರರು, ಡಡ್ಲಿ ಸಹೋದರರು, ಎಡ್ಜ್ ಮತ್ತು ಕ್ರಿಶ್ಚಿಯನ್. ಟೇಬಲ್ಲು, ಏಣಿ, ಕುರ್ಚಿಗಳ ಕುಸ್ತಿ. ಬೆಲ್ಟುಗಳನ್ನು ಮೇಲೆ ಕಟ್ಟಿರುತ್ತಾರೆ, ಏಣಿ ಹತ್ತಿ ಬಿಚ್ಚಿಕೊಂಡವರು ಗೆದ್ದರು. ಜೆಫ್ ಹಾರ್ಡಿ ಆ ಬೆಲ್ಟು ಹಿಡಿದು ಗಾಳಿಯಲ್ಲಿ ತೂಗಾಡುವಾಗ ಎಡ್ಜ್ ಏಣಿಯ ಮೇಲಿಂದ ಹಾರಿ ಅವನನ್ನು ಕೆಡವುತ್ತಾನೆ. ಮೈ ನಡುಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಇದು ಟ್ಯಾಗ್ ಟೀಮ್ ಹೇಗಾಯಿತು? ಎಲ್ಲರೂ ಒಮ್ಮೆಗೇ ಒಳಗೆ. ಹಗ್ಗ ಹಿಡಿದು ನಿಂತವನು ಯಾರೂ ಇಲ್ಲ. ಇದು ಮದುವೆ ಮನೆಯಲ್ಲಿ ಪಂಕ್ತಿಗೆ ನುಗ್ಗಿದ ಹಾಗೆ.

"ಅಣ್ಣಾ, ನೀ ಅಜ್ಜನಂಗ ಆಗೀದಿ," ಅನ್ನುತ್ತಾನೆ ತಮ್ಮ. ಇರಬಹುದು. 2002ರಲ್ಲಿ ಅದೇ ಡಬ್ಲ್ಯುಡಬ್ಲ್ಯುಎಫ್ ಹೆಸರಿನ, ಪಾಂಡಾ ಚಿತ್ರದ ವನ್ಯಜೀವಿ ಸಂಸ್ಥೆ ಹೆಸರಿನ ಕೇಸು ಗೆದ್ದ ಮೇಲೆ ಆ ಕುಸ್ತಿ ಕಂಪನಿ ಹೆಸರಿನ ಕೊನೆಯ ಅಕ್ಷರವನ್ನೇ ಬದಲಿಸಿತು. ನಾನು ಇನ್ನೂ ಡಬ್ಲ್ಯುಡಬ್ಲ್ಯುಎಫ್ ಅಂತಲೇ ಅನ್ನುತ್ತೇನೆ.

ಹೋದ ರವಿವಾರ ಅವನು ಬರಿಗೈಯಲ್ಲಿ ಬಂದ. ಮಿರ್ಚಿ ತರುವ ಪಾಳಿ ನನ್ನದಂತೆ. ಅದರ ಹಿಂದಿನ ವಾರ ನಾನೇ ತಂದಿದ್ದೆ, ಆಣೆ ಮಾಡಿ ಹೇಳುತ್ತೇನೆ. ಅದನ್ನು ನೋಡಿದ ರೆಫ್ರಿ ಮಾತ್ರ ಯಾರೂ ಇಲ್ಲ.