ಪ್ಲಾಸ್ಟಿಕ್ ಗಿಡ ಇರಲಿ ಬಿಡಿ, ಪ್ಲಾಸ್ಟಿಕ್ ಹೂ ಮಾತ್ರ ಬೇಡ

ಪ್ಲಾಸ್ಟಿಕ್ ಗಿಡ ಇಟ್ಟವರನ್ನು ಆಡಿಕೊಳ್ಳುವುದು ಈಗ ಒಂದು ಫ್ಯಾಷನ್ ಆಗಿಬಿಟ್ಟಿದೆ. ಯಾರ ಗೃಹಪ್ರವೇಶಕ್ಕೆ ಹೋದರೂ ಟಿವಿ ಪಕ್ಕ ಒಂದು ಎತ್ತರದ ಗಿಡ ನಿಂತಿರುತ್ತದೆ. ಬಂದವರೆಲ್ಲ ಒಂದು ಸಲ ಉಗುರಿನಿಂದ ಎಲೆ ಚಿವುಟಿ ನೋಡುತ್ತಾರೆ, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ನಾನು ಆ ಗುಂಪಿನವನಲ್ಲ. ಗಿಡದ ವಿಷಯದಲ್ಲಿ ನನಗೆ ಅಂಥ ತಕರಾರೇನೂ ಇಲ್ಲ. ತಕರಾರು ಇರುವುದು ಹೂವಿನ ವಿಷಯದಲ್ಲಿ. ಎರಡೂ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕ ಸಿಗುತ್ತವೆ ನಿಜ, ಆದರೆ ನಮ್ಮ ಮನೆಗಳಲ್ಲಿ ಎರಡರ ಲೆಕ್ಕವೇ ಬೇರೆ.

ಮೊದಲು ಗಿಡದ ಮಾತು ಮುಗಿಸುತ್ತೇನೆ. ಬೆಂಗಳೂರಿನ ಎಷ್ಟೋ ಬಾಡಿಗೆ ಮನೆಗಳಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆಗೂ ಲೈಟ್ ಹಾಕಿಕೊಂಡೇ ಕೂರಬೇಕು. ಕಿಟಕಿ ತೆಗೆದರೆ ಕೈಗೆ ಸಿಗುವಷ್ಟು ಹತ್ತಿರ ಪಕ್ಕದ ಬಿಲ್ಡಿಂಗಿನ ಗೋಡೆ. ಬಾಲ್ಕನಿ ಇದ್ದರೆ ಅದು ಬಟ್ಟೆ ಒಣಗಿಸುವುದಕ್ಕೇ ಸಾಲದು. ಅಲ್ಲಿ ಗುಲಾಬಿ ನೆಡಿ, ದಾಸವಾಳ ನೆಡಿ ಅಂತ ಬುದ್ಧಿ ಹೇಳುವವರು ಸಾಮಾನ್ಯವಾಗಿ ತಾರಸಿ ಇರುವ ಸ್ವಂತ ಮನೆಯವರು, ಊರಿಗೆ ಹೋದಾಗ ನೀರು ಹಾಕಲು ಕೆಲಸದವರು ಇರುವವರು. ಇನ್ನು ನೀರಿನ ಕಥೆ ಬೇರೆ. 2024ರ ಬೇಸಿಗೆ ನೆನಪಿದೆಯಲ್ವಾ? ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಮಾರ್ಚಿನಲ್ಲಿ ಜಲಮಂಡಳಿಯೇ ಆದೇಶ ಹೊರಡಿಸಿತ್ತು. ಟ್ಯಾಂಕರ್‌ಗೆ ಕಾಯುತ್ತಾ ಕೂತ ಮನೆಯವರು ಮೂಲೆಯಲ್ಲಿ ಒಂದು ಹಸಿರು ಪ್ಲಾಸ್ಟಿಕ್ ಇಟ್ಟುಕೊಂಡರೆ ಅದರಲ್ಲಿ ನಗುವಂಥದ್ದೇನೂ ನನಗೆ ಕಾಣುವುದಿಲ್ಲ.

‘ನಿಜವಾದ ಗಿಡ ಆದರೆ ಮನೆಯ ಗಾಳಿ ಶುದ್ಧ ಮಾಡುತ್ತೆ’ ಅನ್ನುವ ವಾದ ಒಂದಿದೆ. 1989ರಲ್ಲಿ ನಾಸಾ ಮಾಡಿದ ಒಂದು ಪ್ರಯೋಗದ ಹೆಸರು ಹೇಳಿಕೊಂಡು ಎಷ್ಟೋ ನರ್ಸರಿಗಳು ಇವತ್ತಿಗೂ ಸ್ನೇಕ್ ಪ್ಲಾಂಟ್ ಮಾರುತ್ತಿವೆ. ಆ ಪ್ರಯೋಗ ನಡೆದದ್ದು ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಂಥ ಜಾಗದಲ್ಲಿ. ನಮ್ಮ ಹಾಲ್ ಹಾಗಿರುವುದಿಲ್ಲ. 2019ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇಂಥ ಹಲವು ಪ್ರಯೋಗಗಳ ಅಂಕಿಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರು. ಕಟ್ಟಡದೊಳಗೆ ಹೇಗೂ ಬಂದು ಹೋಗುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕಂತೆ. ಮನೆಯಲ್ಲಿ ಮನುಷ್ಯರಿಗೆ ಜಾಗವೇ ಉಳಿಯುವುದಿಲ್ಲ. ಗಿಡ ಕಣ್ಣಿಗೆ ತಂಪು, ಅಷ್ಟು ಸಾಕು. ಕಣ್ಣಿಗೆ ತಂಪು ಮಾತ್ರ ಬೇಕಿದ್ದರೆ ಪ್ಲಾಸ್ಟಿಕ್ಕೂ ಅರ್ಧ ಕೆಲಸ ಮಾಡುತ್ತದೆ.

ಅರ್ಧ ಅಂತ ಯಾಕಂದೆ ಅಂದರೆ, ನಾವು ಅದನ್ನು ತಂದು ಇಟ್ಟ ಮೇಲೆ ಮತ್ತೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಧೂಳು ಕೂರುತ್ತದೆ. ಅಡುಗೆಮನೆ ಹತ್ತಿರ ಇದ್ದರೆ ಒಗ್ಗರಣೆಯ ಜಿಡ್ಡೂ ಸೇರಿ ಎಲೆ ಬೂದುಬಣ್ಣಕ್ಕೆ ತಿರುಗಿರುತ್ತದೆ, ಬೆರಳಿಟ್ಟರೆ ಅಂಟುತ್ತದೆ. ನಿಜವಾದ ಗಿಡ ನೀರಿಲ್ಲದೆ ಬಾಡಿ, ನಮ್ಮ ಮಾನ ತೆಗೆದಾದರೂ ನೀರು ಹಾಕಿಸಿಕೊಳ್ಳುತ್ತದೆ. ಇದು ಏನೂ ಹೇಳದೆ ಸುಮ್ನೆ ಕೊಳಕಾಗುತ್ತಾ ಹೋಗುತ್ತದೆ. ತೊಳೆಯುವುದು ದೊಡ್ಡ ಕೆಲಸವಲ್ಲ. ಬಕೆಟ್ ನೀರಿಗೆ ಸ್ವಲ್ಪ ಶಾಂಪೂ ಹಾಕಿ, ಎಲೆಯ ಕಡೆ ಮಾತ್ರ ತಲೆಕೆಳಗಾಗಿ ಅದ್ದಿ ಆಡಿಸಿ, ನೆರಳಲ್ಲಿ ನೇತುಹಾಕಿ. ಕಾಂಡವನ್ನು ನೀರಲ್ಲಿ ನೆನೆಸಿಡಬೇಡಿ, ಒಳಗೆ ಕಬ್ಬಿಣದ ತಂತಿ ಇರುತ್ತದೆ, ತುಕ್ಕು ಹಿಡಿಯುತ್ತದೆ. ಬಟ್ಟೆಯ ಎಲೆ ಆದರೆ ಒಂದು ಕವರಿನಲ್ಲಿ ಕಲ್ಲುಪ್ಪು ಹಾಕಿ, ಅದರೊಳಗೆ ಗಿಡದ ತಲೆ ಇಟ್ಟು ಚೆನ್ನಾಗಿ ಕುಲುಕಿದರೆ ಧೂಳು ಉಪ್ಪಿಗೆ ಬರುತ್ತದೆ. ಬಿಸಿಲಿಗೆ ಇಟ್ಟರೆ ಬಣ್ಣ ಹೋಗುತ್ತದೆ, ಕೆಲವು ಹಸಿರು ಎಲೆಗಳು ಒಂಥರಾ ನೀಲಿಗೆ ತಿರುಗುತ್ತವೆ. ಮತ್ತೆ ದಯವಿಟ್ಟು ಗ್ಯಾಸ್ ಸ್ಟೌ ಹತ್ತಿರ, ದೀಪದ ಹತ್ತಿರ ಇಡಬೇಡಿ. ಪ್ಲಾಸ್ಟಿಕ್ ಹತ್ತಿಕೊಂಡರೆ ಕರಗಿ ಉರಿಯುತ್ತಲೇ ತೊಟ್ಟಿಕ್ಕುತ್ತದೆ. ಗೋಡೆಗೆಲ್ಲ ಹಸಿರು ಮ್ಯಾಟ್ ಬಡಿದು ಅದರ ಮೇಲೆ ಬಣ್ಣದ ಲೈಟಿನಲ್ಲಿ ಇಂಗ್ಲಿಷ್ ಅಕ್ಷರ ಹಚ್ಚುವ ಹೋಟೆಲುಗಳನ್ನು ನೋಡಿದರೆ ನನಗೆ ಭಯವೇ ಜಾಸ್ತಿ.

ಈಗ ಹೂವಿಗೆ ಬರೋಣ.

ಹೂದಾನಿಯಲ್ಲಿ ಹೂ ಜೋಡಿಸಿ ಟೇಬಲ್ ಮೇಲೆ ಇಡುವುದು ನಮ್ಮ ಸಾಮಾನ್ಯ ಮನೆಗಳಲ್ಲಿ ಯಾವತ್ತೂ ಇರಲಿಲ್ಲ. ಹೂ ದೇವರಿಗೆ, ಮುಡಿಗೆ, ಹೊಸ್ತಿಲಿಗೆ, ಬಾಗಿಲಿಗೆ. ಬೆಳಿಗ್ಗೆ ಏರಿಸಿದ್ದು ಮರುದಿನ ನಿರ್ಮಾಲ್ಯ. ತೆಗೆದು ಗಿಡದ ಬುಡಕ್ಕೆ ಹಾಕಿ ಹೊಸದು ಏರಿಸುತ್ತೇವೆ. ಬಾಡುವುದು ಹೂವಿನ ದೋಷ ಅಂತ ನಮ್ಮಲ್ಲಿ ಯಾರೂ ಅಂದುಕೊಂಡಿರಲಿಲ್ಲ, ಬಾಡುತ್ತದೆ ಅಂತಲೇ ನಾಳೆ ಮತ್ತೆ ಒಂದು ಮೊಳ ಬೇಕು. ಆ ಒಂದು ಮೊಳದ ಹಿಂದೆ ಎಷ್ಟು ಜನರ ದಿನ ನಿಂತಿದೆ ನೋಡಿ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿಯೇ ಕಿತ್ತು ಮೂಟೆ ಕಟ್ಟುವವರು, ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿನಲ್ಲಿ ತೂಗುವವರು, ಗಲ್ಲಿಯ ತುದಿಯಲ್ಲಿ ಬುಟ್ಟಿ ಇಟ್ಟುಕೊಂಡು ಮಾತಾಡುತ್ತಲೇ ಕಟ್ಟುವ ಹೂವಮ್ಮ. ಉಡುಪಿ ಕಡೆ ಶಂಕರಪುರ ಮಲ್ಲಿಗೆಗೆ ದಿನಾ ರೇಟು ನಿಗದಿಯಾಗುತ್ತದೆ, ಅಟ್ಟೆ (ಕಟ್ಟಿದ ಮಲ್ಲಿಗೆಯ ಒಂದು ಅಳತೆ) ಲೆಕ್ಕದಲ್ಲಿ. ಮದುವೆ ಸೀಸನ್ನಿನಲ್ಲಿ ಎರಡು ಸಾವಿರ ಮುಟ್ಟಿದ್ದು ಬೇರೆ ದಿನಗಳಲ್ಲಿ ನೆಲಕಚ್ಚುತ್ತದೆ. ಮೈಸೂರು, ಉಡುಪಿ, ಹಡಗಲಿ ಅಂತ ಮೂರು ಮಲ್ಲಿಗೆಗೆ ಜಿಐ ಟ್ಯಾಗ್ (ಇದು ಈ ಊರಿನದ್ದೇ ವಿಶೇಷ ಅನ್ನುವ ಅಧಿಕೃತ ಗುರುತು) ಇಟ್ಟುಕೊಂಡ ರಾಜ್ಯ ನಮ್ಮದು. ಇಂಥ ಕಡೆ ದೇವರ ಫೋಟೋಗೆ ಪ್ಲಾಸ್ಟಿಕ್ ಮಲ್ಲಿಗೆ ಹಾರ ಹಾಕಿ, ಅದರ ಮೇಲೆ ಸೆಂಟು ಸಿಂಪಡಿಸುವುದು ನೋಡಿದರೆ ಏನು ಹೇಳೋಣ.

ಹಬ್ಬದಲ್ಲಿ ರೇಟು ಕೇಳಿದರೆ ತಲೆ ತಿರುಗುತ್ತೆ ಸ್ವಾಮಿ ಅನ್ನುತ್ತೀರಿ, ಗೊತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಕನಕಾಂಬರ ಕೆ.ಜಿ.ಗೆ ಸಾವಿರ ದಾಟುವುದು ಹೆಚ್ಚುಕಡಿಮೆ ಪ್ರತಿ ವರ್ಷದ ಸುದ್ದಿ. ಆದರೆ ಅದೇ ಊರಲ್ಲಿ ಹಬ್ಬ ಮುಗಿದ ಮೇಲೆ ಚೆಂಡುಹೂ ಕೇಳುವವರಿಲ್ಲದೆ ರಸ್ತೆ ಬದಿಗೆ ಸುರಿದು ಹೋಗುವ ರೈತರೂ ಇದ್ದಾರೆ, ಅದು ಮಾತ್ರ ನಮ್ಮ ಲೆಕ್ಕಕ್ಕೆ ಬರುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ದೇವಸ್ಥಾನ, ಮದುವೆ ಎಲ್ಲ ನಿಂತಾಗ ಹೊಲದಲ್ಲೇ ಹೂ ಕೊಳೆಯಿತು. ಸರ್ಕಾರ ಹೆಕ್ಟೇರಿಗೆ 25,000 ರೂಪಾಯಿಯಂತೆ ಪರಿಹಾರ ಘೋಷಿಸಿತು, ಅದೂ ಒಂದು ಹೆಕ್ಟೇರಿಗೆ ಮಾತ್ರ. ಲಾಕ್‌ಡೌನ್ ಹೋಯಿತು. ಅದರ ಜಾಗಕ್ಕೆ ಬಂದದ್ದು ಕಲ್ಯಾಣಮಂಟಪಗಳ ಪ್ಲಾಸ್ಟಿಕ್ ಹೂವಿನ ಗೋಡೆ. ಒಂದೇ ಸೆಟ್ ಇವತ್ತು ಈ ಮದುವೆಗೆ, ನಾಳೆ ಆ ನಾಮಕರಣಕ್ಕೆ. ಹಾಕುವವನಿಗೆ ಲಾಭ, ಹಾಕಿಸುವವರಿಗೆ ಉಳಿತಾಯ, ಬೆಳೆದವರಿಗೆ ಏನೂ ಇಲ್ಲ. ಮಹಾರಾಷ್ಟ್ರದ ಹೂ ಬೆಳೆಗಾರರು ಪ್ಲಾಸ್ಟಿಕ್ ಹೂ ನಿಲ್ಲಿಸಿ ಅಂತ ದನಿ ಎತ್ತಿದ್ದು ಇದೇ ಕಾರಣಕ್ಕೆ. 2022ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್ ಇದೆ, ಬಲೂನಿನ ಕಡ್ಡಿ ಇದೆ, ಪ್ಲಾಸ್ಟಿಕ್ ಹೂ ಇಲ್ಲ! ಒಂದೇ ಸಲ ಬಳಸಿ ಬಿಸಾಡುವುದಲ್ಲವಲ್ಲ ಅನ್ನಬಹುದು. ಆದರೆ ಗಣೇಶನ ಹಬ್ಬ ಮುಗಿದ ಮಾರನೇ ದಿನ ಯಾವುದೇ ರಸ್ತೆಯ ಕಸದ ರಾಶಿ ನೋಡಿ ಹೇಳಿ.

ಒಂದು ಪ್ಲಾಸ್ಟಿಕ್ ಗುಲಾಬಿಯನ್ನು ಹತ್ತಿರದಿಂದ ನೋಡಿದ್ದೀರಾ? ಎಸಳಿನ ಅಂಚಲ್ಲಿ ಬಟ್ಟೆಯ ಎಳೆ ಬಿಟ್ಟುಕೊಂಡಿರುತ್ತದೆ. ಎಲೆ ಹಿಂದೆ ಅಚ್ಚಿನ ಗೆರೆ. ಮೇಲೆ ಛಾಪಿಸಿದ ನರ ಒಂದು ಕಡೆ, ಅಚ್ಚು ಒತ್ತಿದ ನರ ಇನ್ನೊಂದು ಕಡೆ. ಕೆಲವಕ್ಕಂತೂ ಎಸಳ ಮೇಲೆ ಪಾರದರ್ಶಕ ಗೋಂದಿನ ಹನಿ ಹಾಕಿರುತ್ತಾರೆ, ಇಬ್ಬನಿಯಂತೆ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಹಾಲಿನಲ್ಲಿ ಇಬ್ಬನಿ!

ಹಾಗಂತ ಬಾಡದ ಅಲಂಕಾರ ನಮಗೆ ಹೊಸದೇನಲ್ಲ. ಹತ್ತಿಯಿಂದ ಹೊಸೆದು ಕುಂಕುಮ ಹಚ್ಚಿದ ಗೆಜ್ಜೆವಸ್ತ್ರ, ಅದರಲ್ಲೇ ಮಾಡಿದ ದಪ್ಪ ದಪ್ಪ ಹಾರಗಳು, ಅಜ್ಜಿಯಂದಿರು ಮಧ್ಯಾಹ್ನವೆಲ್ಲ ಕೂತು ಮಾಡುತ್ತಿದ್ದರು. ಮದುಮಕ್ಕಳಿಗೆ ಬೆಂಡಿನ ಬಾಸಿಂಗ. ತೀರಿಕೊಂಡ ಹಿರಿಯರ ಫೋಟೋಗೆ ಗಂಧದ ಚಕ್ಕೆಯ ಹಾರ (ಈಗ ಅದರಲ್ಲಿ ಗಂಧ ಎಷ್ಟಿದೆ ಅಂತ ಕೇಳಬೇಡಿ). ಹಾವೇರಿಯ ಏಲಕ್ಕಿ ಹಾರ. ಆಮೇಲೆ ಗಾಜಿನ ಶೋಕೇಸಿನ ಕಾಲ ಬಂತು, ತಂತಿಗೆ ಸ್ಟಾಕಿಂಗ್ ಬಟ್ಟೆ ಬಿಗಿದು ಮಾಡಿದ ಹೂಗಳು, ಮನೆಯ ಹೆಣ್ಣುಮಕ್ಕಳೇ ಕ್ಲಾಸಿಗೆ ಹೋಗಿ ಕಲಿತು ಮಾಡಿದ್ದು. ಗಾಜಿನ ಒಳಗೆ ಇದ್ದದ್ದಕ್ಕೆ ಧೂಳೂ ಹಿಡಿಯಲಿಲ್ಲ, ಎಷ್ಟೋ ಮನೆಗಳಲ್ಲಿ ಇನ್ನೂ ಇವೆ. ಇವುಗಳಲ್ಲಿ ಯಾವುದೂ ನಾನು ಈಗ ತಾನೇ ಕಿತ್ತ ಹೂ ಅಂತ ನಾಟಕ ಆಡುವುದಿಲ್ಲ. ಹತ್ತಿ ಹತ್ತಿಯ ಹಾಗೇ ಕಾಣುತ್ತದೆ, ಏಲಕ್ಕಿ ಏಲಕ್ಕಿಯ ಹಾಗೇ.

ನನಗೆ ಅತಿ ಇಷ್ಟದ್ದು ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಕಡೆಯ ಭತ್ತದ ತೋರಣ. ಗೋಡೆಗೆ ಚಿತ್ತಾರ ಬರೆಯುವ ದೀವರ ಸಮುದಾಯದ ಮನೆಗಳಲ್ಲಿ ಮಾಡುತ್ತಾರೆ. ತೆನೆಯ ಹುಲ್ಲನ್ನೇ ಜಡೆ ಹೆಣೆದಂತೆ ಹೆಣೆದು, ಕೆಳಗೆ ಕಾಳು ಜೋತುಬೀಳುವ ಹಾಗೆ ಬಿಡುತ್ತಾರೆ. ಮೊದಲು ಹೊನ್ನಿನ ಬಣ್ಣ, ದಿನ ಕಳೆದಂತೆ ಕಂದು. ಗಾಳಿ ಬಂದರೆ ಸಣ್ಣಗೆ ಸದ್ದು ಮಾಡುತ್ತದೆ. ಗುಬ್ಬಿ ಇರುವ ಊರಾದರೆ ಅದಕ್ಕೂ ಪಾಲು. ಬಾಗಿಲಿಗೆ ವರ್ಷಪೂರ್ತಿ ಏನಾದರೂ ಇರಲೇಬೇಕು ಅನ್ನುವವರಿಗೆ ಚಿಕ್ಕಪೇಟೆಯ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೆಂಡುಹೂ ಮಾಲೆಗಿಂತ ಇದು ಎಷ್ಟೋ ವಾಸಿ. ಹಬ್ಬದ ದಿನ ಅದರ ಮೇಲೆ ನಾಲ್ಕು ಮಾವಿನೆಲೆ ಸಿಕ್ಕಿಸಿದರೆ ಆಯಿತು. ಕಳಸಕ್ಕೆ ಒಂದೇ ಮೊಳ ಮಲ್ಲಿಗೆ ಸಾಕು, ಹಿಂದಿನ ಗೋಡೆ ಖಾಲಿ ಇದ್ದರೆ ಲಕ್ಷ್ಮಿ ಏನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಫೋಟೋ ಹಾಕಿದಾಗ ಲೈಕು ನಾಲ್ಕು ಕಡಿಮೆ ಬರಬಹುದು ಅಷ್ಟೇ.

ಮೊನ್ನೆ ಆನ್‌ಲೈನಿನಲ್ಲಿ ಪ್ಲಾಸ್ಟಿಕ್ ತುಳಸಿ ಗಿಡ ಕಂಡಿತು, ಕಟ್ಟೆ ಸಮೇತ. ಗಿಡಕ್ಕೆ ತಕರಾರಿಲ್ಲ ಅಂತ ಮೇಲೆ ಬರೆದಿದ್ದೇನಲ್ಲ, ಅದರಿಂದ ಇದೊಂದನ್ನು ಹೊರಗಿಡಿ.

ಸಾಗರ, ಸೊರಬದ ಕಡೆಯವರು ಯಾರಾದರೂ ಓದುತ್ತಿದ್ದರೆ, ಭತ್ತದ ತೋರಣ ಮಾಡಿಕೊಡುವವರು ಈಗಲೂ ಆರ್ಡರ್ ತೆಗೆದುಕೊಳ್ಳುತ್ತಾರಾ, ಬಸ್ಸಿಗೆ ಹಾಕಿ ಕಳಿಸುವುದಕ್ಕೆ ಆಗುತ್ತಾ ತಿಳಿಸಿ. ದೀಪಾವಳಿಗೆ ಮುಂಚೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದಷ್ಟು ಮನೆಯವರಿಗೆ ಬೇಕಂತೆ.